ಮುಖವಿಲ್ಲದ ಅಜ್ಜಿಯ ಚಿತ್ರ



ಈ ಸಲ ಮಳೆಗಾಲದ ಕುರುಕಲು ತಿಂಡಿಗಳ ಬಗ್ಗೆ ಬರೆಯುತ್ತೇನೆಂದು ನಿಮಗೆ ಮಾತು ಕೊಟ್ಟಿದ್ದೆ. ಕ್ಷಮಿಸಿ, ಅದು ಮುಂದಿನ ಸಂಚಿಕೆಗಿರಲಿ. ಹದಿನೈದು ದಿನಗಳಿಂದ ನನ್ನ ತಲೆಯಲ್ಲಿ ಬೇರೆಯೇ ಒಂದು ವಿಷಯ ಕೂತುಬಿಟ್ಟಿದೆ. ಹೇಳಿದರೆ ನಗಬೇಡಿ. ಅದು ಮಾಡರ್ನ್ ಆರ್ಟ್! ಹೈಸ್ಕೂಲು ಮುಗಿಸಿ ಒಲೆಯ ಮುಂದೆ ನಿಂತವಳಿಗೆ ಇದರ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಆದರೆ ಅದು ತಾನಾಗಿ ನಮ್ಮ ಮನೆಯೊಳಗೆ ಬಂದು, ತಂದೆ ಮಗನ ಮಾತು ಬಿಡಿಸಿದ ಮೇಲೆ ಉಸಾಬರಿ ಮಾಡದೆ ಇರುವುದು ಹೇಗೆ ಹೇಳಿ?

ನನ್ನ ಅಕ್ಕನನ್ನು ಬೆಳ್ತಂಗಡಿ ಕಡೆಗೆ ಕೊಟ್ಟಿದೆ. ಅವಳ ಮಗ ಚಿಕ್ಕಂದಿನಿಂದಲೂ ಚಿತ್ರ ಬರೆಯುವವ. ಶಾಲೆಯಲ್ಲಿ ಗಣಪತಿ ಬರೆದು ಬಹುಮಾನ ತಂದ, ಯಕ್ಷಗಾನದ ಕಿರೀಟವೇಷ ಬರೆದು ಊರಿನವರಿಂದ ಶಹಬ್ಬಾಸ್ ಅನ್ನಿಸಿಕೊಂಡ. ಪಿಯುಸಿಯಲ್ಲಿರುವಾಗ ಪಕ್ಕದ ಮನೆಯ ನಾಯಿಯನ್ನು ಎಷ್ಟು ಚೆನ್ನಾಗಿ ಬರೆದಿದ್ದ ಅಂದರೆ ಆ ಮನೆಯ ಮಗು ಕಾಗದಕ್ಕೇ ಬಿಸ್ಕೀಟು ಹಿಡಿದಿತ್ತು. ಭಾವನಿಗೆ ಹೆಮ್ಮೆ. ಅಡಿಕೆ ಮಾರಿದ ದುಡ್ಡಿನಲ್ಲಿ ಅವನನ್ನು ಚಿತ್ರಕಲೆ ಕಲಿಯಲಿಕ್ಕೆ ಕಳುಹಿಸಿದರು. ಹಳ್ಳಿಯ ಕಡೆ ಇದು ಸಣ್ಣ ಮಾತಲ್ಲ. ನಾಲ್ಕು ಜನ “ಇಂಜಿನಿಯರಿಂಗಿಗೆ ಹಾಕಬಾರದಿತ್ತಾ?” ಎಂದು ಕೇಳಿದಾಗಲೂ ಭಾವ ಜಗ್ಗಲಿಲ್ಲ.

ಕಳೆದ ವರ್ಷ ಸುಗ್ಗಿ ತಿಂಗಳಿನಲ್ಲಿ ಭಾವನ ಅಮ್ಮ ತೀರಿಕೊಂಡರು. ಈ ವರ್ಷ ವರ್ಷದ ಕಾರ್ಯಕ್ಕೆ ಮೊದಲು ಭಾವ ಮಗನಿಗೆ ಹೇಳಿದರು: “ಚಾವಡಿಯಲ್ಲಿ ತೂಗುಹಾಕಲಿಕ್ಕೆ ಅಜ್ಜಿಯದ್ದೊಂದು ದೊಡ್ಡ ಚಿತ್ರ ಮಾಡು.” ಹುಡುಗ ಒಪ್ಪಿದ. ಎರಡು ತಿಂಗಳು ಬಾಗಿಲು ಹಾಕಿಕೊಂಡು ಕೆಲಸ ಮಾಡಿದ. ಕಾರ್ಯದ ದಿನ ನೆಂಟರೆಲ್ಲ ಸೇರಿದ್ದಾಗ ಬಟ್ಟೆ ಬಿಚ್ಚಿ ನಿಲ್ಲಿಸಿದ.

ಅದರಲ್ಲಿ ಅಜ್ಜಿ ಇರಲಿಲ್ಲ.

ಇಡೀ ಚಿತ್ರ ಕಪ್ಪು ಮಿಶ್ರಿತ ಕೆಂಪು. ಕೆಳಗೆ ಒಂದು ಮೂಲೆಯಲ್ಲಿ ಸ್ವಲ್ಪ ಮಾಸಿದ, ನುಣುಪಾದ ಒಂದು ಜಾಗ. ಬಲಗಡೆ ಮೇಲಿನಿಂದ ಕೆಳಗಿನ ತನಕ ಒಂದು ತೆಳು ಬಿಳಿ ಗೆರೆ. ಅಷ್ಟೇ. ಕಣ್ಣಿಲ್ಲ, ಮೂಗಿಲ್ಲ, ಕುಂಕುಮವಿಲ್ಲ, ಸೀರೆಯಿಲ್ಲ.

ಭಾವ ಬಹಳ ಹೊತ್ತು ನೋಡಿದರು. ಆಮೇಲೆ, “ಇದು ನನ್ನ ಅಮ್ಮನಾ?” ಎಂದು ಕೇಳಿದರು. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿ ಇತ್ತು. “ನಾಳೆ ನಿನಗೆ ಮಕ್ಕಳು ಹುಟ್ಟಿದರೆ ಅವಕ್ಕೆ ಇದನ್ನು ತೋರಿಸಿ, ಇವರು ನಿಮ್ಮ ಮುತ್ತಜ್ಜಿ ಅಂತ ಹೇಳುವುದಾ?” ಎಂದರು. ಹುಡುಗನಿಗೆ ಉತ್ತರ ಬರಲಿಲ್ಲ. ಚಿತ್ರ ಅಟ್ಟಕ್ಕೆ ಹೋಯಿತು. ಅಂದಿನಿಂದ ತಂದೆ ಮಗನಿಗೆ ಮಾತಿಲ್ಲ. ಊಟಕ್ಕೆ ಕೂತರೆ, “ಅವನಿಗೆ ಸಾರು ಬೇಕಾ ಕೇಳು” ಎಂದು ಅಕ್ಕನ ಮೂಲಕ ವ್ಯವಹಾರ.

ನಾನೂ ಅವತ್ತು ಅಲ್ಲಿದ್ದೆ. ನಿಜ ಹೇಳಬೇಕಲ್ಲ, ನಾನೂ ತಪ್ಪು ಮಾಡಿದೆ. ತಮಾಷೆ ಎಂದುಕೊಂಡು, “ಎಂತ ಮಗಾ, ಮುಖ ಬರೆಯಲಿಕ್ಕೆ ಮರೆತುಹೋಯಿತಾ?” ಎಂದುಬಿಟ್ಟೆ. ನಾಲ್ಕು ಜನ ನಕ್ಕರು. ಅವ ನನ್ನ ಕಡೆ ಒಮ್ಮೆ ನೋಡಿ ಅಂಗಳಕ್ಕೆ ಇಳಿದುಹೋದ. ಬಂಟ್ವಾಳಕ್ಕೆ ವಾಪಸು ಬರುವ ಬಸ್ಸಿನಲ್ಲಿ, ಪುಂಜಾಲಕಟ್ಟೆ ದಾಟುವಾಗಲೂ ಆ ನೋಟ ನನ್ನನ್ನು ಬಿಡಲಿಲ್ಲ.

ಆಮೇಲೆ ಮೇ ತಿಂಗಳಲ್ಲಿ ಮೂಡುಬಿದಿರೆಯಲ್ಲಿ ನೆಂಟರ ಮದುವೆ. ಊಟ ಮುಗಿದು ಬಸ್ಸಿಗೆ ಇನ್ನೂ ಹೊತ್ತಿತ್ತು. “ಬಾ ಮಗಾ, ಸಾವಿರ ಕಂಬದ ಬಸದಿಗೆ ಹೋಗಿ ಬರೋಣ” ಎಂದು ನಾನೇ ಅವನನ್ನು ಎಬ್ಬಿಸಿದೆ. 1430ರಲ್ಲಿ ಕಟ್ಟಿದ ಬಸದಿ ಅದು. ಒಳಗೆ ಚಂದ್ರನಾಥ ಸ್ವಾಮಿ. ಹೊರಗೆ ಬಿಸಿಲು ಸುಡುತ್ತಿದ್ದರೂ ಆ ಕಂಬಗಳ ನಡುವೆ ಕೂತರೆ ಕಲ್ಲಿನ ತಂಪು ಬೆನ್ನಿಗೆ ಹತ್ತುತ್ತದೆ.

“ಮಗಾ, ಅವತ್ತು ನಾನು ಹಾಗೆ ಹೇಳಬಾರದಿತ್ತು” ಎಂದೆ.

ಅವ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ಮುಖ ಬರೆದಿದ್ದೆ ಚಿಕ್ಕಮ್ಮ. ಆರು ಸಲ ಬರೆದೆ. ಮನೆಯಲ್ಲಿ ಅಜ್ಜಿಯದ್ದು ಒಳ್ಳೆಯ ಫೋಟೋ ಎಲ್ಲಿದೆ? ಆಧಾರ್ ಕಾರ್ಡಿನದ್ದು ಒಂದು, ಯಾರದೋ ಮದುವೆಯದ್ದು ಒಂದು. ಎರಡರಲ್ಲೂ ಕ್ಯಾಮೆರಾಕ್ಕೆ ಹೆದರಿ ಕೂತಿದ್ದಾರೆ. ಅದನ್ನು ನೋಡಿ ಬರೆದರೆ ಹೆದರಿದ ಅಜ್ಜಿಯೇ ಬರುತ್ತಾರೆ. ನಮ್ಮ ಅಜ್ಜಿ ಯಾರಿಗಾದರೂ ಹೆದರಿದ್ದು ಉಂಟಾ?”

“ಇಲ್ಲ” ಎಂದೆ. ನಿಜಕ್ಕೂ ಇಲ್ಲ.

“ನಾನು ಕಣ್ಣು ಮುಚ್ಚಿದರೆ ನನಗೆ ಅಜ್ಜಿಯ ಮುಖ ಕಾಣುವುದಿಲ್ಲ ಚಿಕ್ಕಮ್ಮ. ಜಗಲಿಯ ಕೆಂಪು ನೆಲ ಕಾಣುತ್ತದೆ. ಕಂಬದ ಹತ್ತಿರ ಅವರು ಕೂತು ಕೂತು ಸವೆದ ಜಾಗ ಕಾಣುತ್ತದೆ. ನಾನು ರಾತ್ರಿ ಕೊನೆಯ ಬಸ್ಸಿಗೆ ಬಂದರೆ, ಬಾಗಿಲನ್ನು ಪೂರ್ತಿ ಹಾಕದೆ ಸ್ವಲ್ಪ ಸಂದು ಬಿಟ್ಟು ಕಾಯುತ್ತಿದ್ದರಲ್ಲ, ಆ ಸಂದಿಯ ಬೆಳಕು ಕಾಣುತ್ತದೆ. ಅದನ್ನೇ ಬರೆದೆ.”

ಸೋದರಿಯರೇ, ಆಗ ನನಗೆ ಗಂಟಲು ಕಟ್ಟಿತು. ಆ ಬಿಳಿ ಗೆರೆ ಬಾಗಿಲ ಸಂದಿ! ನಾನೂ ಆ ಸಂದಿಯ ಬೆಳಕು ನೋಡಿಕೊಂಡು ಎಷ್ಟು ಸಲ ಆ ಮನೆಯ ಮೆಟ್ಟಿಲು ಹತ್ತಿದ್ದೇನೆ!

ಇಂಥ ಚಿತ್ರಗಳಿಗೆ ಕನ್ನಡದಲ್ಲಿ ಅಮೂರ್ತ ಚಿತ್ರ ಎನ್ನುತ್ತಾರಂತೆ. ಮೂರ್ತಿ ಇದ್ದರೆ ಮೂರ್ತ, ಇಲ್ಲದಿದ್ದರೆ ಅಮೂರ್ತ. ಮನೆಗೆ ಬಂದ ಮೇಲೆ ಈ ವಿಷಯವಾಗಿ ವಾಚನಾಲಯದಿಂದ ಪುಸ್ತಕ ತರಿಸಿ ಓದಿದೆ, ಹುಡುಗನನ್ನೂ ಫೋನಿನಲ್ಲಿ ಪೀಡಿಸಿದೆ. ತಿಳಿದುಕೊಂಡದ್ದರಲ್ಲಿ ಸ್ವಲ್ಪವನ್ನು ನಿಮಗೂ ಬಡಿಸುತ್ತೇನೆ.

ಈ ದಾರಿಯಲ್ಲಿ ನಡೆದ ದೊಡ್ಡವರೊಬ್ಬರು ನಮ್ಮ ಕಡೆಯವರೇ ಎಂದು ತಿಳಿದಾಗ ನನಗೆ ಆಶ್ಚರ್ಯ, ಸಂತೋಷ ಎರಡೂ ಆಯಿತು. ಅವರೇ ಕೆ. ಕೆ. ಹೆಬ್ಬಾರರು. ಹುಟ್ಟಿದ್ದು 1911ರಲ್ಲಿ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಆ ಕಾಲಕ್ಕೆ ಅದು ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿತ್ತು. ಬೊಂಬಾಯಿಯ ಜೆ. ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಓದಿ 1938ರಲ್ಲಿ ಡಿಪ್ಲೊಮಾ ಪಡೆದರು, ಮುಂದೆ ಅಲ್ಲಿಯೇ ಕೆಲವು ವರ್ಷ ಮೇಷ್ಟ್ರೂ ಆದರು. ಅಲ್ಲಿ ಕಲಿಸುತ್ತಿದ್ದದ್ದು ವಿಲಾಯಿತಿ ಪದ್ಧತಿ. ಎದುರಿಗೆ ಮನುಷ್ಯ ಕೂತಿದ್ದರೆ ಅವನ ಹಾಗೇ ಬರಬೇಕು, ಎಲುಬು, ಮಾಂಸಖಂಡ, ನೆರಳು ಬೆಳಕು ಎಲ್ಲ ಲೆಕ್ಕದ ಪ್ರಕಾರ. ಹೆಬ್ಬಾರರು ಅದರಲ್ಲಿ ಗಟ್ಟಿಗರಾದರು.

ಆದರೆ ಅವರಿಗೆ ಅಷ್ಟು ಸಾಲಲಿಲ್ಲ. ಜೈನ ಗ್ರಂಥಗಳ ಹಳೆಯ ಚಿತ್ರಗಳನ್ನು ನೋಡಿದರು, ಅಜಂತಾ ನೋಡಿದರು. ಅಮೃತಾ ಶೇರ್‌ಗಿಲ್ ಎಂಬ ಕಲಾವಿದೆಯ ಕೃತಿಗಳಿಂದ ಪ್ರಭಾವಿತರಾದರು. ಕೇರಳಕ್ಕೆ ಹೋಗಿ ಅಲ್ಲಿನ ಹಸುರು, ಅಲ್ಲಿನ ಹೆಂಗಸರು, ಅಲ್ಲಿನ ಬಿಸಿಲನ್ನು ಬರೆದರು. ಆಮೇಲೆ 1949ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಲ್ಲಿಯ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತರು. ಹೆಸರು ಬಂದ ಮೇಲೂ ವಿದ್ಯಾರ್ಥಿಯಾಗಲು ನಾಚಿಕೊಳ್ಳಲಿಲ್ಲ ನೋಡಿ! ಇನ್ನೂ ಒಂದು ಸ್ವಾರಸ್ಯ ಕೇಳಿ. ಚಿತ್ರದಲ್ಲಿ ಲಯ ಬರಬೇಕಾದರೆ ಮೈಗೇ ಲಯ ಗೊತ್ತಿರಬೇಕೆಂದು ಅವರು ಪಂಡಿತ ಸುಂದರ ಪ್ರಸಾದರ ಬಳಿ ಕಥಕ್ ನೃತ್ಯ ಕಲಿತರು. ಬ್ರಷ್ಷು ಹಿಡಿಯುವ ಗಂಡಸು ಗೆಜ್ಜೆ ಕಟ್ಟಿ ತತ್ಕಾರ ಹಾಕಿದ್ದು! ನಮ್ಮ ಮನೆಗಳಲ್ಲಾದರೆ ಏನನ್ನುತ್ತಿದ್ದೆವು, ಯೋಚಿಸಿ.

ಆ ಅಭ್ಯಾಸದ ಫಲ ಅವರ ಗೆರೆಗಳಲ್ಲಿ ಕಾಣುತ್ತದೆ. ನರ್ತಕಿಯ ಒಂದು ತಿರುವನ್ನು ನಾಲ್ಕಾರು ಗೆರೆಗಳಲ್ಲಿ ಹಿಡಿಯುತ್ತಿದ್ದರು. 1964ರಲ್ಲಿ ಬಂದ ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ಸಿಂಗಿಂಗ್ ಲೈನ್’, ಹಾಡುವ ಗೆರೆ. ಆ ಗೆರೆಗಳಲ್ಲಿ ಕಣ್ಣು ಮೂಗು ಹುಡುಕಿದರೆ ಎಷ್ಟೋ ಕಡೆ ಸಿಗುವುದಿಲ್ಲ, ಆದರೆ ಕುಣಿತ ಸಿಗುತ್ತದೆ. ವರ್ಣಚಿತ್ರಗಳಲ್ಲೂ ವರ್ಷ ಕಳೆದಂತೆ ಮನುಷ್ಯರ ಆಕಾರ ಕರಗುತ್ತ ಬಂತು, ಬಣ್ಣ ಮತ್ತು ಅದರ ಮೈವಳಿಕೆಯೇ ಮುಂದೆ ಬಂತು. ಮನುಷ್ಯನನ್ನು ಅವರು ಪೂರ್ತಿ ಬಿಟ್ಟರೆಂದಲ್ಲ, ಬೇಕಾದಾಗ ಕರೆದರು, ಬೇಡವಾದಾಗ ಬಿಟ್ಟರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು. 1996ರಲ್ಲಿ ತೀರಿಕೊಂಡರು. ಅವರ ಮಗಳು ರೇಖಾ ರಾವ್ ಅವರೂ ಚಿತ್ರಕಲಾವಿದೆ. ಗೆರೆಯ ಮೇಲೆ ಪ್ರಾಣವಿಟ್ಟವರ ಮಗಳ ಹೆಸರು ರೇಖಾ, ಎಷ್ಟು ಚಂದ!

ಹೊರದೇಶದವರ ಕಥೆಯೂ ಇದಕ್ಕೆ ದೂರವಿಲ್ಲ. ಹಾಲೆಂಡಿನ ಪೀಟ್ ಮೋಂಡ್ರಿಯಾನ್ ಎಂಬವರು ಮರದ ಚಿತ್ರ ಬರೆದರು. 1908ರ ಹೊತ್ತಿಗೆ ಶುರು ಮಾಡಿದ ಕೆಂಪು ಮರವನ್ನು ನೋಡಿದರೆ ಮರ ಎಂದು ಮಗುವೂ ಹೇಳುತ್ತದೆ. 1911ರ ಬೂದು ಮರದಲ್ಲಿ ಕೊಂಬೆಗಳು ಬರಿಯ ಬಾಗಿದ ಗೆರೆಗಳಾದವು. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಮರವನ್ನು ಹುಡುಕಿಯೇ ನೋಡಬೇಕು. ಮುಂದೆ ನೆಟ್ಟಗಿನ ಗೆರೆ, ಅಡ್ಡಗೆರೆ, ಚೌಕಗಳಷ್ಟೇ ಉಳಿದವು. ಒಂದೇ ದಿನದಲ್ಲಿ ಹಾರಿದ್ದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದು.

ರಷ್ಯಾದ ವಾಸಿಲಿ ಕ್ಯಾಂಡಿನ್‌ಸ್ಕಿ ಕಾನೂನು ಓದಿದವರು. 1896ರಲ್ಲಿ ಮಾಸ್ಕೋದ ಒಂದು ಪ್ರದರ್ಶನದಲ್ಲಿ ಫ್ರಾನ್ಸಿನ ಮೊನೆ ಬರೆದ ಬೈಹುಲ್ಲಿನ ಬಣವೆಯ ಚಿತ್ರ ನೋಡಿದರು. ಅದು ಬಣವೆಯೆಂದು ಪಟ್ಟಿ ನೋಡಿಯೇ ಗೊತ್ತಾದದ್ದಂತೆ. ಗುರುತು ಸಿಗಲಿಲ್ಲವಲ್ಲ ಎಂದು ಮುಜುಗರವಾಯಿತು, ಆದರೆ ಚಿತ್ರ ಮನಸ್ಸಿನಿಂದ ಹೋಗಲೇ ಇಲ್ಲ. ವಸ್ತು ಗೊತ್ತಾಗದೆಯೂ ಚಿತ್ರ ಹೀಗೆ ಹಿಡಿಯುತ್ತದಲ್ಲ ಎಂಬ ಯೋಚನೆ ಅವರಿಗೆ ಅಂಟಿಕೊಂಡಿತು. ಕಾನೂನು ಬಿಟ್ಟು ಚಿತ್ರಕಲೆಗೆ ಹೊರಟರು.

ಇನ್ನು ಕ್ಯಾಮೆರಾದ ವಿಷಯ. 1839ರಲ್ಲಿ ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಪ್ರಕಟವಾಯಿತು. ಅಲ್ಲಿಯ ತನಕ ಮುಖ ಉಳಿಸಿಕೊಳ್ಳಬೇಕಾದರೆ ಚಿತ್ರಗಾರನೇ ಬೇಕು. ಈಗ ಮೀನು ಮಾರುವವಳ ಸೊಂಟದಲ್ಲೂ ಮೊಬೈಲು ಉಂಟು, ಕ್ಷಣಕ್ಕೆ ಹತ್ತು ಫೋಟೋ. ಹಾಗಾದರೆ ಚಿತ್ರಗಾರ ಏನು ಮಾಡಬೇಕು? ಕ್ಯಾಮೆರಾಕ್ಕೆ ಸಿಕ್ಕದ್ದನ್ನು ಹುಡುಕಿಕೊಂಡು ಹೋಗಬೇಕಲ್ಲವೇ?

“ಅದೆಲ್ಲ ಸರಿ, ಆದರೆ ನಮಗೆ ಅರ್ಥವಾಗುವುದಿಲ್ಲವಲ್ಲ!” ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಸ್ವಲ್ಪ ಯೋಚಿಸಿದರೆ ನಮಗೆ ಇದು ಹೊಸದಲ್ಲ. ದಿನಾ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡುತ್ತೇವೆ. ಆ ಎಳೆಗಳು ಯಾವುದರ ಹಾಗೆ ಇವೆ? ಯಾವುದರ ಹಾಗೂ ಇಲ್ಲ. ಆದರೂ ಒಂದು ಎಳೆ ತಪ್ಪಿದರೆ ಕೈ ತಾನಾಗಿ ಅಳಿಸುತ್ತದೆ. ಮೂಡುಬಿದಿರೆಯ ಆ ಕಂಬಗಳಲ್ಲಿ ದೇವತೆ, ಪ್ರಾಣಿ, ಹೂವುಗಳ ಜೊತೆಗೆ ಬರಿಯ ಗಂಟು, ಹೆಣಿಗೆಯ ಕೆತ್ತನೆಗಳೂ ಇವೆ. ಒಂದರ ಹಾಗೆ ಇನ್ನೊಂದಿಲ್ಲ ಎಂದು ಊರೇ ಹೇಳುತ್ತದೆ. ದೈವಸ್ಥಾನಕ್ಕೆ ಹೋದರೆ ಎಷ್ಟೋ ಕಡೆ ಒಂದು ಮಂಚ, ಒಂದು ಕಡ್ಸಲೆ, ಒಂದು ಮಣಿ ಅಷ್ಟೇ ಇರುತ್ತದೆ, ನಾವು ಕೈಮುಗಿಯುವುದಿಲ್ಲವೇ? ರಾತ್ರಿ ಗದ್ದೆಯಾಚೆಯಿಂದ ಆಟದ ಚೆಂಡೆ ಕೇಳಿದಾಗ ಎದೆ ಗುಡುಗುಡು ಅನ್ನುತ್ತದೆ. ಆ ಚೆಂಡೆಗೆ ಅರ್ಥ ಏನೆಂದು ಕೇಳುತ್ತೇವಾ?

ಮಳೆಗಾಲ ಶುರುವಾದ ಮೇಲೆ ಮೊನ್ನೆ ಮತ್ತೆ ಅಕ್ಕನ ಮನೆಗೆ ಹೋಗಿದ್ದೆ. ಅವರ ಅಂಗಳದಿಂದ ಗಡಾಯಿಕಲ್ಲು ಕಾಣುತ್ತದೆ. ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ ಗುಡ್ಡ. ನಾನು ಹೈಸ್ಕೂಲಿನಲ್ಲಿರುವಾಗ ಹತ್ತಿದ್ದೆ. ಹತ್ತುವಾಗ ಕಾಣುವುದು ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು, ಮುರಿದ ಗೋಡೆ, ಹುಲ್ಲು. ಮೊನ್ನೆ ಜಡಿಮಳೆಯಲ್ಲಿ ಮೆಟ್ಟಿಲೂ ಇಲ್ಲ, ಗೋಡೆಯೂ ಇಲ್ಲ, ಬೂದು ಬಣ್ಣದ ಒಂದು ಡುಬ್ಬ ಅಷ್ಟೇ. ಆದರೆ ಬೆಳ್ತಂಗಡಿಯ ಯಾವ ಮಗುವನ್ನು ಕೇಳಿದರೂ “ಗಡಾಯಿಕಲ್ಲು” ಎಂದೇ ಹೇಳುತ್ತದೆ. ಎಲ್ಲ ಕಳೆದ ಮೇಲೂ ಅದು ಅದೇ ಆಗಿ ಉಳಿಯಿತಲ್ಲ! ಏನನ್ನು ಕಳೆಯಬಹುದು, ಏನನ್ನು ಕಳೆಯಬಾರದು ಎಂದು ತಿಳಿಯುವುದೇ ಈ ಚಿತ್ರಗಾರರ ಕಷ್ಟ ಎಂದು ನನಗನ್ನಿಸಿತು.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಬಣ್ಣ ಚೆಲ್ಲಿದ್ದೆಲ್ಲ ಕಲೆ ಎಂದು ನಾನು ಒಪ್ಪುವವಳಲ್ಲ. ಅಡುಗೆಯಲ್ಲಿ ನೋಡಿ. ಮದುವೆಯಾದ ಹೊಸತರಲ್ಲಿ ಚಮಚ, ಪಾವು ಹಿಡಿದು ಅಳೆದೇ ಹಾಕುತ್ತಿದ್ದೆ, ಈಗ ಕೈಯಳತೆ. ನೋಡುವವರಿಗೆ ನಾನು ಸುಮ್ಮನೆ ಸುರಿಯುತ್ತಿದ್ದೇನೆ ಅನ್ನಿಸಬಹುದು. ಅಳೆಯಲು ಬಾರದೆ ಸುರಿದವಳ ಸಾರಿಗೂ, ಅಳೆದು ಅಳೆದು ಕೈಗೆ ಬಂದವಳ ಸಾರಿಗೂ ವ್ಯತ್ಯಾಸ ನಾಲಗೆಗೆ ಗೊತ್ತಾಗುತ್ತದೆ. ಆರು ಸಲ ಮುಖ ಬರೆದು ಬಿಟ್ಟವನಿಗೂ, ಮುಖ ಬರೆಯಲು ಸೋಮಾರಿತನ ಮಾಡಿದವನಿಗೂ ಅಷ್ಟೇ ವ್ಯತ್ಯಾಸ. ಅದಕ್ಕೇ ನಿಮ್ಮ ಮನೆಯ ಮಕ್ಕಳು ಇಂಥದ್ದೇನಾದರೂ ತಂದು ತೋರಿಸಿದರೆ, “ಇದು ಎಂತದ್ದು?” ಎಂದು ಕೇಳಬೇಡಿ. “ಇದರಲ್ಲಿ ಏನನ್ನು ಬಿಟ್ಟೆ? ಯಾಕೆ ಬಿಟ್ಟೆ?” ಎಂದು ಕೇಳಿ. ಉತ್ತರ ಇದ್ದರೆ ಅವನು ಕೆಲಸ ಮಾಡಿದ್ದಾನೆ ಎಂದರ್ಥ. ಕೇಳುವ ಮೊದಲು ಎರಡು ನಿಮಿಷ ಸುಮ್ಮನೆ ನಿಂತು ನೋಡಿ. ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ. ಏನೂ ಅನ್ನಿಸದಿದ್ದರೆ ಅನ್ನಿಸಲಿಲ್ಲ ಎಂದೇ ಹೇಳಿ, ಅದರಲ್ಲಿ ನಾಚಿಕೆಯಿಲ್ಲ. ಆದರೆ ನನ್ನ ಹಾಗೆ ನಾಲ್ಕು ಜನರ ಎದುರು ನಗೆಯಾಡಬೇಡಿ.

ಅಕ್ಕನ ಮನೆಯ ಕಥೆ ಏನಾಯಿತು ಎಂದು ಕೇಳುತ್ತೀರಲ್ಲ? ಬಸದಿಯಲ್ಲಿ ಹುಡುಗ ಹೇಳಿದ್ದನ್ನು ಅಂದೇ ರಾತ್ರಿ ಅಕ್ಕನಿಗೆ ಫೋನು ಮಾಡಿ ಹೇಳಿದ್ದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ಅಕ್ಕ, “ಇಪ್ಪತ್ತಾರು ವರ್ಷದಿಂದ ಆ ಜಗಲಿ ಒರೆಸುತ್ತಾ ಇದ್ದೇನೆ ಮಾರಾಯ್ತಿ. ಅತ್ತೆ ಕೂರುವ ಜಾಗದಲ್ಲಿ ಒರೆಸುವ ಬಟ್ಟೆ ಜಾರಿಕೊಂಡು ಹೋಗುತ್ತದೆ. ನನಗೆ ಗೊತ್ತಾಗಬೇಕಿತ್ತು” ಎಂದಳು. ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಏಣಿ ಇಟ್ಟು ಅಟ್ಟದಿಂದ ಚಿತ್ರ ಇಳಿಸಿದಳಂತೆ. ಚಾವಡಿಯಲ್ಲಿ ಹಾಕಲಿಲ್ಲ. ಜಗಲಿಯಲ್ಲಿ, ಆ ಕಂಬದ ಪಕ್ಕದ ಗೋಡೆಗೆ ಹಾಕಿದಳು. ಭಾವ ನೋಡಿದರು, ತೆಗೆಯಿರಿ ಎಂದೂ ಹೇಳಲಿಲ್ಲ, ಇರಲಿ ಎಂದೂ ಹೇಳಲಿಲ್ಲ.

ನಾನು ಹೋದ ದಿನ ಅಡಿಕೆ ವ್ಯಾಪಾರದವರೊಬ್ಬರು ಬಂದಿದ್ದರು. ಚಹಾ ಕುಡಿಯುತ್ತಾ ಗೋಡೆ ನೋಡಿ, “ಇದು ಎಂತದ್ದು?” ಎಂದು ಕೇಳಿದರು. ನಾನೂ ಅಕ್ಕನೂ ಅಡುಗೆಮನೆಯ ಬಾಗಿಲಲ್ಲಿ ಉಸಿರು ಹಿಡಿದು ನಿಂತೆವು. ಭಾವ ಎಲೆಗೆ ಸುಣ್ಣ ಹಚ್ಚುತ್ತಾ, ತಲೆ ಎತ್ತದೆ, “ಅದು ಅಮ್ಮ ಕೂತುಕೊಳ್ಳುತ್ತಿದ್ದ ಜಾಗ. ಮಗ ಬರೆದದ್ದು” ಎಂದರು.

ಚಾವಡಿಗೆ ಮದುವೆಯ ಆ ಫೋಟೋವನ್ನೇ ದೊಡ್ಡದು ಮಾಡಿಸಿ ಹಾಕಿದ್ದಾರೆ. ಮುತ್ತಜ್ಜಿಯ ಮುಖ ಮುಂದಿನ ಮಕ್ಕಳಿಗೆ ಬೇಕು ಎಂದು ಭಾವ ಹೇಳಿದ್ದರಲ್ಲಿಯೂ ಸುಳ್ಳಿಲ್ಲ. ಫೋಟೋದ ಅಜ್ಜಿ ಚಾವಡಿಯಲ್ಲಿರಲಿ, ಜಗಲಿಯ ಅಜ್ಜಿ ಜಗಲಿಯಲ್ಲಿರಲಿ. ತಂದೆ ಮಗ ಮಾತಾಡಲು ಶುರು ಮಾಡಿದ್ದಾರೆ, ಸದ್ಯಕ್ಕೆ ತೋಟದ ಔಷಧಿ ಸಿಂಪಡಣೆಯ ಬಗ್ಗೆ ಮಾತ್ರ. ಅಷ್ಟಾದರೂ ಆಯಿತಲ್ಲ!

ಅಂದು ರಾತ್ರಿ ಅಲ್ಲೇ ಉಳಿದೆ. ಹುಡುಗ ಉಜಿರೆಗೆ ಹೋದವ ಮಳೆಯಿಂದಾಗಿ ತಡವಾಗಿ ಬಂದ. ಎಲ್ಲರೂ ಮಲಗಿದ್ದರು. ಬಾಗಿಲು ಪೂರ್ತಿ ಹಾಕಿರಲಿಲ್ಲ. ಸಂದು ಬಿಟ್ಟದ್ದು ಅಕ್ಕನಿರಬೇಕು ಎಂದುಕೊಂಡೆ. ಬೆಳಿಗ್ಗೆ ಕೇಳಿದರೆ ಅವಳು, “ನಾನಲ್ಲಪ್ಪ, ನಾನು ಒಂಬತ್ತಕ್ಕೇ ಮಲಗಿದೆ” ಎಂದಳು.

ಮುಂದಿನ ಸಲ ಖಂಡಿತ ಪತ್ರೊಡೆ, ಹಲಸಿನ ಬೀಜದ ಸುದ್ದಿ. ಅಷ್ಟರಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ಅರ್ಥವಾಗದ ಚಿತ್ರ ಬರೆಯುವವರಿದ್ದರೆ ನನಗೊಂದು ಪತ್ರ ಹಾಕಿ. ಆಗಬಹುದಲ್ಲ?